ಬಾನೆಟ್ಟಿನ ಕೆಳಗಿನ ಸೌದಾ

ಕೋಥರೂಡದ ಆ ಸೊಸೈಟಿಯ ಅಂಗಳದಲ್ಲಿ ನಿಂತಿದ್ದ ಹಳೇ ಅಂಬಾಸಿಡರನ್ನು ಯಾರೂ ಕಾರು ಎಂದು ಕರೆಯುತ್ತಿರಲಿಲ್ಲ. ಹುಡುಗರಿಗೆ ಅದು ಕಣ್ಣಾಮುಚ್ಚಾಲೆಯ ಜಾಗ, ಬೆಕ್ಕಿಗೆ ಬಾಣಂತಿಕೋಣೆ, ಮೂರನೇ ಮಹಡಿಯವರಿಗೆ ಹಪ್ಪಳ ಒಣಗಿಸುವ ಮಾಳಿಗೆ. ಒಂದು ಸಂಜೆ ಸೊಸೈಟಿಯ ಚೇರಮನ್ನರು ಗೂಳಪ್ಪನನ್ನು ಲಿಫ್ಟಿನ ಬಾಗಿಲಲ್ಲಿ ತಡೆದು, ಅಂಗಳಕ್ಕೆ ಹೊಸ ಫರಸಿ ಕಲ್ಲು ಹಾಕಿಸುವುದಿದೆ, ದಸರೆಯೊಳಗೆ ಆ ಭಂಗಾರ ತೆಗೆಸಿಬಿಡಿ ಎಂದು ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಹೇಳಿದರು. ಆ ಮರ್ಯಾದೆಯೇ ಗೂಳಪ್ಪನನ್ನು ಚುಚ್ಚಿತು. ಬೈದಿದ್ದರೆ ತಿರುಗಿ ಬೈದು ಮುಗಿಸಬಹುದಿತ್ತು.

ಭಂಗಾರವೆಂದರೆ ಗುಜರಿ. ಹಾಗೆ ಅನ್ನಿಸಿಕೊಂಡದ್ದು ಸಾಮಾನ್ಯ ಕಾರಲ್ಲ. ಗೂಳಪ್ಪನ ಹೆಂಡತಿ ಕಾಶವ್ವನ ತಂದೆ, ಇಂಡಿ ಊರಿನ ಲಿಂಬೆಹಣ್ಣಿನ ವ್ಯಾಪಾರಿ ಅವ್ವಣ್ಣ, ತಾನು ಸ್ಟೇರಿಂಗು ಹಿಡಿಯಲಾರದಷ್ಟು ಮುಪ್ಪಾದ ಮೇಲೆ ಅದನ್ನು ಪುಣೆಗೆ ಕಳಿಸಿ ಮಗಳಿಗೆ ಕೊಟ್ಟಿದ್ದ. ಒಂದಷ್ಟು ವರ್ಷ ಓಡಿತು. ಆಮೇಲೆ ಮುದುಕ ತೀರಿಕೊಂಡ, ಗೂಳಪ್ಪ ಹೊಸ ಕಾರು ಕೊಂಡ, ಇದು ಮೂಲೆ ಹಿಡಿಯಿತು. ಮಾರಾಟದ ಮಾತು ಬಂದಾಗಲೆಲ್ಲ ಕಾಶವ್ವ ಅಡುಗೆಮನೆಯಲ್ಲಿ ಪಾತ್ರೆ ಸಪ್ಪಳ ಜೋರು ಮಾಡುತ್ತಿದ್ದಳು, ಮಾತು ಅಲ್ಲಿಗೆ ನಿಲ್ಲುತ್ತಿತ್ತು.

ಗೂಳಪ್ಪ ಮೊದಲು ಗ್ಯಾರೇಜಿನವರನ್ನು ಕರೆದು ತೋರಿಸಿದ. ಬಂದ ಒಬ್ಬ ಇಂಜಿನ್ನು ಪೂರ್ತಿ ಬಿಚ್ಚಬೇಕು ಎಂದ. ಇನ್ನೊಬ್ಬ ಬಾನೆಟ್ಟನ್ನೇ ಎತ್ತದೆ, ತೂಕಕ್ಕೆ ಹಾಕಿದರೆ ಎಷ್ಟಾಗಬಹುದು ಎಂದು ಅಂದಾಜು ಹೇಳಿದ. ಗೂಳಪ್ಪನಿಗೆ ರೋಷ ನೆತ್ತಿಗೇರಿತು. ಮಾರ್ಕೆಟ್ ಯಾರ್ಡಿನಲ್ಲಿ ಒಣಮೆಣಸಿನಕಾಯಿ ದಲಾಲಿ ಮಾಡಿ ಕೂದಲು ನರೆತ ಮನುಷ್ಯ ಅವನು. ಚೀಲದೊಳಗೆ ಕೈ ಹಾಕಿ ಒಂದು ಕಾಯಿ ಮುರಿದರೆ ಅದು ಯಾವ ಊರಿನದು, ಎಷ್ಟು ಮಳೆ ಕುಡಿದದ್ದು ಎಂದು ಹೇಳುವವನು. ಒಂದು ಕಬ್ಬಿಣದ ಡಬ್ಬಿ ತನಗೆ ಬಗ್ಗುವುದಿಲ್ಲವೇ? ನನ್ನ ಕಾರು ನಾನೇ ರಿಪೇರಿ ಮಾಡುತ್ತೇನೆ ಎಂದು ಚೇರಮನ್ನರಿಗೆ ಹೇಳಿಯೇಬಿಟ್ಟ. ಸಂಜೆಯೊಳಗೆ ಸೊಸೈಟಿಗೆಲ್ಲ ಸುದ್ದಿಯಾಗಿ, ಇನ್ನು ಹಿಂದೆ ಸರಿಯುವ ದಾರಿ ಉಳಿಯಲಿಲ್ಲ.

ಮೊಬೈಲಿನಲ್ಲಿ ಒಬ್ಬ ತರುಣ ಹಿಂದಿಯಲ್ಲಿ ಕಾರು ರಿಪೇರಿ ಕಲಿಸುತ್ತಿದ್ದ. ಎಲ್ಲಕ್ಕೂ ಅವನು ಹೇಳುವುದು ಒಂದೇ, ಬಹಳ ಸಿಂಪಲ್. ಕಾರು ಬಿಚ್ಚುವವರು ಸಿಂಪಲ್ ಎಂದಾಗ ಯಾರೂ ನಂಬಬಾರದು. ಗೂಳಪ್ಪ ನಂಬಿದ. ಜುನಾ ಬಜಾರಿನಿಂದ ಒಂದು ಗೋಣಿಚೀಲ ತುಂಬ ಪಾನಾ, ಸ್ಕ್ರೂಡ್ರೈವರು ತಂದು ಮೊದಲ ಭಾನುವಾರವೇ ಅಂಗಿ ಕಳಚಿ, ಬನಿಯನ್ನಿನಲ್ಲಿ ಕಾರಿನ ಕೆಳಗೆ ನುಗ್ಗಿದ. ಅಂಗಾತ ಮಲಗಿದವನಿಗೆ ಎಡ ಬಲ ಅದಲುಬದಲಾಗುತ್ತದೆ ಎಂಬುದು ಆ ತರುಣ ಹೇಳದೆ ಬಿಟ್ಟ ಸಂಗತಿ. ಗೂಳಪ್ಪ ಬೆವರು ಸುರಿಸಿ ಒಂದು ಬೋಲ್ಟನ್ನು ಬಿಚ್ಚಿದ್ದೇ ಬಿಚ್ಚಿದ್ದು, ಕೊನೆಗೆ ನೋಡಿದರೆ ಅದು ಹುಟ್ಟಿದ ದಿನಕ್ಕಿಂತ ಬಿಗಿಯಾಗಿ ಕೂತಿತ್ತು. ಇನ್ನೊಂದು ಬೋಲ್ಟು ಒಮ್ಮೆಗೇ ಬಿಚ್ಚಿಕೊಂಡು, ಹಳೇ ಇಂಜಿನ್ ಆಯಿಲೆಲ್ಲ ಎದೆಯ ಮೇಲೆ ಸುರಿದು ಚೇರಮನ್ನರ ಸ್ಕೂಟರಿನವರೆಗೆ ಹರಿಯಿತು. ಕೆಳಗೆ ಬೋಗುಣಿ ಇಡಬೇಕು ಎಂಬುದು ಮುಂದಿನ ವಿಡಿಯೋದಲ್ಲಿತ್ತು.

ಬಿಚ್ಚಿದ ನಟ್ಟುಗಳನ್ನು ಕಳೆಯಬಾರದೆಂದು ಕಾಶವ್ವನ ಒಗ್ಗರಣೆ ಡಬ್ಬಿಯನ್ನು ಎತ್ತಿಕೊಂಡು ಹೋದ. ಸಾಸಿವೆಯ ಬಟ್ಟಲಲ್ಲಿ ಸಣ್ಣ ಸ್ಕ್ರೂ, ಜೀರಿಗೆಯದರಲ್ಲಿ ವಾಶರು. ಕಾಶವ್ವ ಒಂದು ವಾರ ಸಾಸಿವೆಯನ್ನು ಪ್ಲಾಸ್ಟಿಕ್ ಚೀಲದಿಂದ ಚಿಟಿಕೆ ಹಿಡಿದು ಒಗ್ಗರಣೆ ಹಾಕಿದಳೇ ಹೊರತು ಚಕಾರವೆತ್ತಲಿಲ್ಲ. ಡಬ್ಬಿ ಮುಟ್ಟಿದರೆ ಮನೆ ಎತ್ತಿ ಕುಣಿಸುವ ಹೆಂಗಸು ಸುಮ್ಮನಿದ್ದಾಳೆ ಎಂದರೆ ಅವಳು ಈ ಕೆಲಸದ ಮೇಲೆ ಎಷ್ಟು ಆಸೆ ಇಟ್ಟಿದ್ದಾಳೆ ಎಂದು ಗೂಳಪ್ಪನಿಗೆ ಆಗ ತಿಳಿಯಿತು. ಅಲ್ಲಿಯವರೆಗೆ ಅದು ಚೇರಮನ್ನರ ಮೇಲಿನ ಹಟವಾಗಿತ್ತು. ಅಲ್ಲಿಂದ ಮುಂದೆ ಅವಳಿಗಾಗಿ ಮಾಡುವ ಕೆಲಸವಾಯಿತು.

ಹೀಗೆ ಭಾನುವಾರಗಳು ಉರುಳಿದವು, ಕೈಗೆ ಬುದ್ಧಿ ಬರತೊಡಗಿತು. ಟ್ಯಾಂಕಿನ ಪೆಟ್ರೋಲನ್ನು ಮೆಣಸಿನಕಾಯಿಯ ಹಾಗೆ ಮೂಸಿ, ಇದು ಕೊಳೆತ ಮಾಲು ಎಂದು ತೀರ್ಮಾನಿಸಿದ. ನಿಜಕ್ಕೂ ಅದು ವರ್ಷಗಟ್ಟಲೆ ನಿಂತು ಅಂಟಾಗಿತ್ತು. ಅದನ್ನು ತೆಗೆದು, ಕಾರ್ಬುರೇಟರು ಬಿಚ್ಚಿ, ಅದರ ಸೂಜಿಮೊನೆಯಂಥ ತೂತುಗಳನ್ನೆಲ್ಲ ತೊಳೆದ. ಪ್ಲಗ್ಗುಗಳನ್ನು ಉಜ್ಜಿದ. ಸೋಮವಾರ ಅಂಗಡಿಯಲ್ಲಿ ಕೂತಾಗ ಉಗುರಿನ ಕರಿ ಮಸಿ ನೋಡಿಕೊಂಡು ಒಳಗೊಳಗೇ ಹಿಗ್ಗುತ್ತಿದ್ದ. ಇಷ್ಟು ವರ್ಷ ಅವನು ಮಾಡಿದ್ದೆಲ್ಲ ಒಬ್ಬರ ಮಾಲು ಇನ್ನೊಬ್ಬರಿಗೆ ಮುಟ್ಟಿಸುವುದು. ತನ್ನ ಕೈಯಿಂದ ಒಂದು ವಸ್ತು ಸರಿಹೋಗುತ್ತಿರುವುದು ಇದೇ ಮೊದಲು, ಅದರ ರುಚಿ ಬೇರೆಯೇ ಇತ್ತು.

ಈ ಹೊತ್ತಿಗೆ ಸರಿಯಾಗಿ ಸಿದ್ದಾರೂಢ ಬಂದ. ಅವನೂ ಮೆಣಸಿನಕಾಯಿ ದಲಾಲಿಯೇ, ಯಾರ್ಡಿನಲ್ಲಿ ಪಕ್ಕದ ಅಂಗಡಿ. ಗದಗಿನ ಕಡೆಯವನು, ತಲೆಗೆ ಇಂದಿಗೂ ಹತ್ತಿಪ್ಪತ್ತು ಸುತ್ತಿನ ರುಮಾಲು ಸುತ್ತುವವನು. ಮಗ ಕೊಡಿಸಿದ ದೊಡ್ಡ ಕಾರಿನಲ್ಲಿ ಕೂತರೆ ರುಮಾಲು ಚಾವಣಿಗೆ ತಾಗಿ ಹಣೆಯ ಮೇಲೆ ಜಾರುತ್ತಿತ್ತು. ಅಂಬಾಸಿಡರಿನಲ್ಲಿ ಮನುಷ್ಯ ಮನುಷ್ಯನಂತೆ ಕೂತುಕೊಳ್ಳಬಹುದು ಎಂದು ಅವನು ವರ್ಷಗಳಿಂದ ಈ ಕಾರಿನ ಮೇಲೆ ಕಣ್ಣಿಟ್ಟಿದ್ದ. ಈಗ ಸಹಾಯಕ್ಕೆಂದು ಬಂದೆ ಎಂದ. ಒಬ್ಬಂಟಿಯಾಗಿ ಬೋಲ್ಟಿನ ಎರಡು ತುದಿ ಹಿಡಿಯಲಾಗದೆ ಒದ್ದಾಡುತ್ತಿದ್ದ ಗೂಳಪ್ಪ ಅವನನ್ನು ದೇವರೇ ಕಳಿಸಿದ ಎಂದುಕೊಂಡ.

ಇಲ್ಲಿ ಯಾರ್ಡಿನ ಹಳೇ ಪದ್ಧತಿಯ ಬಗ್ಗೆ ಒಂದು ಮಾತು ಹೇಳಬೇಕು. ಈಗ ಎಲ್ಲ ಬಹಿರಂಗ ಹರಾಜು. ಆದರೂ ಹಳಬರ ಕೈಗೆ ಹಳೇ ಚಟ ಹೋಗಿಲ್ಲ. ಇಬ್ಬರು ದಲಾಲರು ಎದುರುಬದುರು ನಿಂತು, ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ದರ ಮಾತಾಡುತ್ತಾರೆ. ಎರಡು ಬೆರಳು ಹಿಡಿದರೆ ಎರಡು, ನಾಲ್ಕು ಹಿಡಿದರೆ ನಾಲ್ಕು. ನೂರೋ ಸಾವಿರವೋ ಹತ್ತು ಸಾವಿರವೋ ಎಂಬುದು ಮಾಲು ನೋಡಿದವರಿಗೆ ಗೊತ್ತೇ ಇರುತ್ತದೆ. ಒಪ್ಪಿಗೆಯಾದರೆ ಅಂಗೈ ತಟ್ಟುವುದು. ತಟ್ಟಿದ ಮೇಲೆ ಮುಗಿಯಿತು. ಬೆರಳಿನ ಮಾತಿಗೆ ತಪ್ಪಿದ ದಲಾಲನ ವಲ್ಲಿಯ ಕೆಳಗೆ ಮತ್ತೆ ಯಾರೂ ಕೈ ಇಡುವುದಿಲ್ಲ, ಅವನು ಅಂಗಡಿ ಮುಚ್ಚಿ ಊರಿಗೆ ಹೋಗುವುದೇ ಲೇಸು.

ಆ ಭಾನುವಾರ ಸ್ಟಾರ್ಟರ್ ಮೋಟಾರು ಕೂರಿಸುವ ಕೆಲಸ. ಗೂಳಪ್ಪ ಕೆಳಗೆ ಮಲಗಿದ್ದ, ಸಿದ್ದಾರೂಢ ಮೇಲಿನಿಂದ ಬಾನೆಟ್ಟಿನೊಳಗೆ ಕೈ ಇಳಿಬಿಟ್ಟಿದ್ದ. ತುಕ್ಕಿನ ಹುಡಿ ಕಣ್ಣಿಗೆ ಬೀಳುತ್ತದೆಂದು ಗೂಳಪ್ಪ ತನ್ನ ವಲ್ಲಿಯನ್ನು ಮುಖಕ್ಕೂ ಕೈಗಳಿಗೂ ಸೇರಿಸಿ ಹೊದ್ದುಕೊಂಡ. ಆ ವಲ್ಲಿ ಅಂಗಡಿಯ ವಲ್ಲಿ. ಅದನ್ನು ನೀರಿಗೆ ಅದ್ದಿದರೆ ಸಾರು ಮಾಡಬಹುದು ಎಂದು ಕಾಶವ್ವ ಹಾಸ್ಯ ಮಾಡುವಷ್ಟು ಮೆಣಸಿನಕಾಯಿ ಘಾಟು ಅದರಲ್ಲಿತ್ತು. ಮೂಗಿಗೆ ತಾಗಿದ ಕೂಡಲೇ ಎಂಥ ಸೀನು ಬಂತೆಂದರೆ ಗೂಳಪ್ಪನ ಹಣೆ ಚಾಸಿಗೆ ಬಡಿಯಿತು, ಮೋಟಾರು ಜಾರಿತು, ಅವನು ಗಾಬರಿಯಾಗಿ ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದ. ಸಿಕ್ಕಿದ್ದು ವಲ್ಲಿಯ ಕೆಳಗೆ ಬಂದಿದ್ದ ಸಿದ್ದಾರೂಢನ ನಾಲ್ಕು ಬೆರಳು.

ಮೇಲಿನ ಕೈ ಒಂದು ಗಳಿಗೆ ಸ್ತಬ್ಧವಾಯಿತು. ಆಮೇಲೆ ಮೆತ್ತಗೆ ಗೂಳಪ್ಪನ ಅಂಗೈ ತಟ್ಟಿತು.

ಗೂಳಪ್ಪ ಹಣೆ ಒತ್ತಿಕೊಳ್ಳುತ್ತ ಹೊರಗೆ ಬಂದಾಗ ಸಿದ್ದಾರೂಢ ರುಮಾಲು ಸರಿಮಾಡಿಕೊಂಡು ಕೈಮುಗಿದು ನಿಂತಿದ್ದ.

“ನಾಲ್ಕು ಬೆರಳು ಹಿಡದ್ರಿ, ನಲವತ್ತು ಸಾವಿರ. ನಾ ಒಪ್ಪಿದೆ ಗೂಳಪ್ಪಣ್ಣ. ಗಾಡಿ ಚಾಲೂ ಆದ ದಿನ ಒಯ್ಯತೇನಿ, ಅಲ್ಲೀತನಕ ನಿಮ್ಮ ಕಡೇನ ಇರಲಿ.”

ಗೂಳಪ್ಪ ನಕ್ಕ. ಸೀನಿದೆ ಮಾರಾಯಾ, ಮಾರಲಿಲ್ಲ ಎಂದ. ಸಿದ್ದಾರೂಢ ನಗಲಿಲ್ಲ. ವಲ್ಲಿ ಇತ್ತು, ಕೈ ವಲ್ಲಿಯ ಕೆಳಗಿತ್ತು, ಬೆರಳು ಹಿಡಿದದ್ದು ನೀವು, ತಟ್ಟಿದ್ದು ನಾನು, ಇನ್ನೇನು ಬೇಕು ಎಂದು ಕೇಳಿದ. ಆಸೆ ಇದ್ದವನಿಗೆ ಸೀನು ಕೂಡ ಸೌದಾ ಆಗಿ ಕೇಳುತ್ತದೆ, ಅವನು ಮೋಸ ಮಾಡುತ್ತಿದ್ದಾನೆಂದು ಹೇಳುವ ಹಾಗೂ ಇರಲಿಲ್ಲ. ಮರುದಿನ ಗೂಳಪ್ಪ ಅಂಗಡಿಗೆ ಹೋಗುವುದರೊಳಗೆ ಅವನು ಅಂಗಡಿಸಾಲಿಗೆಲ್ಲ ಪೇಡೆ ಹಂಚಿಯಾಗಿತ್ತು. ಹಮಾಲರು ಕೂಡ ಬಂದು ಗೂಳಪ್ಪನಿಗೆ ಶುಭ ಹಾರೈಸಿದರು. ಒಂದು ಪೇಡೆ ಅವನ ಕೈಗೂ ಬಂತು. ತಿಂದರೆ ಒಪ್ಪಿದಂತೆ, ಬಿಟ್ಟರೆ ಮಾತಿಗೆ ತಪ್ಪಿದಂತೆ. ಅದನ್ನು ಹಿಡಿದುಕೊಂಡು ಬೆವರುತ್ತ ಕೂತ. ಕೊನೆಗೆ ಅದು ಕೈಯಲ್ಲೇ ಕರಗಿತು.

ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ನಿಮ್ಮಪ್ಪನ ಕಾರನ್ನು ಸೀನಿ ಮಾರಿದೆ ಎಂದು ಯಾವ ಗಂಡ ಹೇಳಿಯಾನು? ಹೇಳದಿದ್ದರೆ ಕಾರು ಹೋಗುವ ದಿನ ತಾನಾಗಿಯೇ ಬರುತ್ತದೆ. ಮಾತಿಗೆ ತಪ್ಪಿದರೆ ಅಂಗಡಿ ಹೋಗುತ್ತದೆ. ತಲೆ ಕೆಡಿಸಿಕೊಂಡು ಯೋಚಿಸಿದಾಗ ಅವನಿಗೆ ಸಂದು ಕಂಡದ್ದು ಒಂದೇ ಕಡೆ. ಗಾಡಿ ಚಾಲೂ ಆದ ದಿನ ಎಂದು ಸಿದ್ದಾರೂಢನೇ ಹೇಳಿದ್ದಾನೆ. ಚಾಲೂ ಆಗದಿದ್ದರೆ?

ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಹೆಬ್ಬೆರಳಿನಷ್ಟು ದೊಡ್ಡ ಒಂದು ಕಪ್ಪು ತುಂಡು ಇರುತ್ತದೆ. ರೋಟರ್ ಎನ್ನುತ್ತಾರೆ. ಪ್ಲಗ್ಗುಗಳಿಗೆ ಕಿಡಿ ಹಂಚುವುದು ಅದರ ಕೆಲಸ. ಅದು ಇಲ್ಲದಿದ್ದರೆ ಇಂಜಿನ್ನು ಎಷ್ಟು ತಿರುಗಿದರೂ ಹೊತ್ತಿಕೊಳ್ಳುವುದಿಲ್ಲ. ಗೂಳಪ್ಪ ಅದನ್ನು ಕಿತ್ತು ಬನಿಯನ್ನಿನ ಕಿಸೆಗೆ ಹಾಕಿಕೊಂಡ. ಚೇರಮನ್ನರಿಗೆ ಒಂದು ಚೀಲ ಉತ್ತಮ ಬ್ಯಾಡಗಿ ಮೆಣಸಿನಕಾಯಿ ಮುಟ್ಟಿಸಿ ದೀಪಾವಳಿಯವರೆಗೆ ಅವಧಿ ಪಡೆದ. ಕೆಲಸ ಆಗಲೆಂದು ಲಂಚ ಕೊಡುವವರನ್ನು ಲೋಕ ಕಂಡಿದೆ, ಕೆಲಸ ಆಗದಿರಲೆಂದು ಕೊಟ್ಟವನು ಇವನೊಬ್ಬ.

ಅಲ್ಲಿಂದ ಸಿದ್ದಾರೂಢನ ಉತ್ಸಾಹ ನೋಡುವಂತಿತ್ತು. ಈಗ ಅದು ಅವನ ಕಾರು. ಪ್ರತಿ ಭಾನುವಾರ ಎಲ್ಲರಿಗಿಂತ ಮೊದಲು ಬರುತ್ತಿದ್ದ. ಹೊಸ ಬ್ಯಾಟರಿ ತಂದ, ನಾನಾ ಪೇಟೆ ಸುತ್ತಿ ಪ್ಲಗ್ಗು ತಂದ, ಸೀಟಿಗೆ ಹೊಸ ಹೊದಿಕೆ ಹೊಲಿಸಿದ, ಬಾಗಿಲುಗಳಿಗೆ ಎಣ್ಣೆ ಬಿಟ್ಟ. ಪಾಪ, ರುಮಾಲಿಗೆ ಗ್ರೀಸು ಮೆತ್ತಿದರೂ ಲೆಕ್ಕಿಸಲಿಲ್ಲ. ಕೊನೆಗೆ ಕೀಲಿ ತಿರುಗಿಸಿದರೆ ಇಂಜಿನ್ನು ಉಸ್ಸ ಉಸ್ಸ ಎಂದು ತಿರುಗುವುದು, ಹೊತ್ತಿಕೊಳ್ಳದೆ ಸುಮ್ಮನಾಗುವುದು. ಸಿದ್ದಾರೂಢ ಮುಖ ಸಣ್ಣದು ಮಾಡುತ್ತಿದ್ದ. ಗೂಳಪ್ಪ ಅವನಿಗಿಂತ ಸಣ್ಣದು ಮಾಡುತ್ತಿದ್ದ, ಕಿಸೆ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಆದರೆ ಗೂಳಪ್ಪನ ಸಂಕಟ ಅವನಿಗೇ ಗೊತ್ತು. ಕಾರು ಸರಿಯಾಗಿದೆ. ಅವನೇ ಸರಿಮಾಡಿದ್ದಾನೆ. ಆ ಒಂದು ತುಂಡು ಕೂರಿಸಿದರೆ ಗುರ್ರೆಂದು ಏಳುತ್ತದೆ ಎಂದು ಅವನ ಕೈಗಳಿಗೆ ಗೊತ್ತು. ಜೀವನದಲ್ಲಿ ಮೊದಲ ಬಾರಿ ಒಂದು ಕೆಲಸ ಕಲಿತು ಗೆದ್ದಿದ್ದಾನೆ, ಯಾರಿಗೂ ಹೇಳುವ ಹಾಗಿಲ್ಲ. ಚೇರಮನ್ನರು ಹಾದು ಹೋಗುವಾಗ, ಇನ್ನೂ ಆಗಲಿಲ್ಲವೇ ಗೂಳಪ್ಪಾಜೀ ಎಂದು ಅದೇ ಮರ್ಯಾದೆಯಿಂದ ಕೇಳುತ್ತಿದ್ದರು. ಆಗ ರೋಟರನ್ನು ಅವರ ಹಣೆಗೆ ಹೊಡೆಯಬೇಕು ಅನ್ನಿಸುತ್ತಿತ್ತು.

ಕಾಶವ್ವ ಮಾತ್ರ ಪ್ರತಿ ಭಾನುವಾರ ಚಹಾ, ಒಗ್ಗರಣೆ ಚುರುಮುರಿ ತಂದು ಕೊಟ್ಟು, ಹಿಂದಿನ ಸೀಟಿನ ಎಡಕ್ಕೆ ಕೂತುಕೊಳ್ಳುತ್ತಿದ್ದಳು. ಅದು ಅವಳು ಹುಡುಗಿಯಾಗಿದ್ದಾಗಿನಿಂದ ಕೂರುತ್ತಿದ್ದ ಜಾಗ. ಕೀಲಿ ತಿರುಗಿಸಿದಾಗಲೆಲ್ಲ ಮುಂದಿನ ಸೀಟಿನ ಬೆನ್ನು ಹಿಡಿದು ಉಸಿರು ಬಿಗಿಹಿಡಿಯುವಳು. ಇಂಜಿನ್ನು ಸುಮ್ಮನಾದರೆ, ಇರಲಿ ತಗೋರಿ, ಮುಂದಿನ ವಾರ ಆಗ್ತದ ಎಂದು ತಾನೇ ಸಮಾಧಾನ ಹೇಳುವಳು. ಆ ಸಮಾಧಾನ ಕೇಳಿ ಗೂಳಪ್ಪ ಅವಳ ಕಡೆ ನೋಡಲಾಗದೆ ಬಾನೆಟ್ಟಿನೊಳಗೆ ತಲೆ ಹಾಕುತ್ತಿದ್ದ.

ದೀಪಾವಳಿ ಹತ್ತಿರ ಬಂತು. ಆ ಭಾನುವಾರ ಸಿದ್ದಾರೂಢ, ಇವತ್ತು ಆಗೇ ಆಗುತ್ತದೆ ಎಂದು ಚೆಂಡು ಹೂವಿನ ಹಾರ ತಂದಿದ್ದ. ಮತ್ತದೇ ಉಸ್ಸ ಉಸ್ಸ, ಮತ್ತದೇ ಮೌನ. ಈ ಸಲ ಕಾಶವ್ವ ಸಮಾಧಾನ ಹೇಳಲಿಲ್ಲ. ಹಿಂದಿನ ಸೀಟಿನಿಂದಲೇ ನಿಧಾನವಾಗಿ ಮಾತಾಡಿದಳು.

“ನಮ್ಮಪ್ಪ ಸಂತಿ ಮುಗಿಸಿ ಬರೂವಾಗ ಊರ ಹೊರಗಿಂದನ ಇದರ ಸಪ್ಪಳ ಕೇಳತಿತ್ತು. ಅವ್ವ ಒಳಗ ರೊಟ್ಟಿ ಬಡಿಯಾಕ ಕುಂದರತಿದ್ಲು. ಒಮ್ಮೆ ಆ ಸಪ್ಪಳ ಕೇಳಿದ್ರ ಸಾಕ್ರಿ ನನಗ. ಆಮ್ಯಾಲ ಇದು ಇರಲಿ, ಹೋಗಲಿ.”

ಗೂಳಪ್ಪ ಬಾನೆಟ್ಟಿನ ಹಿಂದೆ ನಿಂತಿದ್ದ, ಹಾಗಾಗಿ ಅವನ ಕಣ್ಣು ಒದ್ದೆಯಾದದ್ದು ಯಾರಿಗೂ ಕಾಣಲಿಲ್ಲ. ಕಾರು ಉಳಿಸುತ್ತಿದ್ದೇನೆ ಎಂದುಕೊಂಡು ತಾನು ಉಳಿಸಿಟ್ಟದ್ದು ಕಬ್ಬಿಣ. ಅವಳಿಗೆ ಬೇಕಾದದ್ದನ್ನು ಕಿಸೆಯಲ್ಲಿ ಬಚ್ಚಿಟ್ಟುಕೊಂಡು ತಿರುಗುತ್ತಿದ್ದೇನೆ ಅನ್ನಿಸಿತು. ಕಾರು ಹೋದರೆ ಹೋಗಲಿ, ಅವಳು ಕೇಳಿದ್ದು ಅವಳಿಗೆ ಸಿಗಲಿ. ಕಿಸೆಯಿಂದ ರೋಟರ್ ತೆಗೆದು, ಒರೆಸಿ, ಅದರ ಜಾಗದಲ್ಲಿ ಕೂರಿಸಿ ಮುಚ್ಚಳ ಹಾಕಿದ. ಮತ್ತೆ ಒಮ್ಮೆ ನೋಡೋಣ ಎಂದು ಚೋಕ್ ಎಳೆದು ಕೀಲಿ ತಿರುಗಿಸಿದ.

ಕಾರು ಒಮ್ಮೆ ಕೆಮ್ಮಿತು. ಹಿಂದಿನಿಂದ ಕರಿ ಹೊಗೆ ಉಗುಳಿತು. ಕೆಳಗಿದ್ದ ಬೆಕ್ಕು ಮರಿಗಳನ್ನು ಬಿಟ್ಟು ಗೋಡೆ ಹಾರಿತು. ಆಮೇಲೆ ಆ ಹಳೇ ಇಂಜಿನ್ನು ದಡದಡ ಎಂದು ಎದ್ದು, ಅಲುಗಾಡಿ, ತನ್ನ ಲಯ ಹಿಡಿದು ಗುಡುಗತೊಡಗಿತು. ಬಾಲ್ಕನಿಗಳಲ್ಲಿ ಜನ ಬಂದು ನಿಂತರು. ಚೇರಮನ್ನರು ಅರ್ಧ ಬೋಳಿಸಿದ ಗಡ್ಡದಲ್ಲೇ ಇಣುಕಿ ನೋಡಿ ಚಪ್ಪಾಳೆ ತಟ್ಟಿದರು. ಗೂಳಪ್ಪ ಅವರ ಕಡೆ ನೋಡಲಿಲ್ಲ, ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿದ. ಕಾಶವ್ವ ಕಣ್ಣು ಮುಚ್ಚಿ ಕೂತಿದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ತುಟಿ ನಗುತ್ತಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳನ್ನು ಇಷ್ಟು ಸಂತೋಷಪಡಿಸಿದ ನೆನಪು ಅವನಿಗಿರಲಿಲ್ಲ.

ಸಿದ್ದಾರೂಢ ಹಾರವನ್ನು ಬಾನೆಟ್ಟಿಗೆ ಕಟ್ಟಿ, ಕಿಟಕಿಯ ಬಳಿ ಬಂದು ಕೀಲಿಗೆ ಕೈ ಚಾಚಿದ. ಇದೇನು ಎಂದು ಕಾಶವ್ವ ಕೇಳಿದಳು. ಗೂಳಪ್ಪ ಇಂಜಿನ್ನು ಆರಿಸಿ, ಇಳಿದು, ಅವಳ ಬಾಗಿಲ ಹತ್ತಿರ ನಿಂತು ಎಲ್ಲ ಹೇಳಿದ: ವಲ್ಲಿ, ಸೀನು, ನಾಲ್ಕು ಬೆರಳು, ಪೇಡೆ, ಕಿಸೆಯೊಳಗಿನ ರೋಟರು. ರೋಟರಿನ ಮಾತು ಬಂದಾಗ ಸಿದ್ದಾರೂಢನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಆದರೆ ಕೊಟ್ಟ ಮಾತು ಕೊಟ್ಟದ್ದೇ, ಗಾಡಿ ಒಯ್ಯಲಿ ಎಂದು ಗೂಳಪ್ಪ ತಲೆ ತಗ್ಗಿಸಿದ. ಕಾಶವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಸಿದ್ದಾರೂಢನ ಕಡೆ ತಿರುಗಿದಳು.

“ಅಣ್ಣಾರ, ರೈತ ಮೆಣಸಿನಕಾಯಿ ತಂದು ನಿಮ್ಮ ಅಂಗಡ್ಯಾಗ ಇಳಸ್ತಾನ. ನೀವು ದಲಾಲರು ಬೆರಳು ಹಿಡಿದು ದರಾ ಮಾಡ್ತೀರಿ. ರೈತ ಒಲ್ಲೆ ಅಂದ್ರ ಏನ್ಮಾಡ್ತೀರಿ?”

ವ್ಯಾಪಾರದ ಮಾತು ಬಂತೆಂದರೆ ಸಿದ್ದಾರೂಢನಿಗೆ ಎದೆ ಉಬ್ಬುತ್ತದೆ. ಹಿಂದುಮುಂದು ನೋಡದೆ ಉತ್ತರ ಕೊಟ್ಟ.

“ಒಲ್ಲೆ ಅಂದ್ರ ಅಲ್ಲಿಗೆ ಸೌದಾ ಮುರೀತ್ರಿ ವೈನಿ. ಮಾಲು ಅವಂದು. ನಾವು ನಡುವಿನವರು, ಅವನ್ನ ಕೇಳದ ಹ್ಯಾಂಗ ಮಾರಾಕ ಬರ್ತದ?”

“ಮತ್ತ ಈ ಮಾಲು ಯಾರದ್ರಿ?” ಎಂದಳು ಕಾಶವ್ವ. “ನಾ ಒಲ್ಲೆ.”

ದಿನಾ ಬೆಳಗಾದರೆ ಒಂದೊಂದು ಚೀಲಕ್ಕೂ ರೈತನ ಮುಖ ನೋಡಿ, ಈ ದರ ನಿನಗೆ ಒಪ್ಪಿಗೆಯೇನಪ್ಪ ಎಂದು ಕೇಳುವ ದಲಾಲರು ಇಬ್ಬರೂ. ಒಬ್ಬ ಕಾರನ್ನು ಮಾರಿದೆ ಎಂದು ಅತ್ತ, ಇನ್ನೊಬ್ಬ ಕೊಂಡೆ ಎಂದು ಕುಣಿದ. ಪ್ರತಿ ಭಾನುವಾರ ಹಿಂದಿನ ಸೀಟಿನಲ್ಲಿ ಚುರುಮುರಿ ತಟ್ಟೆ ಹಿಡಿದು ಕೂತಿದ್ದ ಒಡತಿಯನ್ನು ಒಂದು ಮಾತು ಕೇಳಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಸಿದ್ದಾರೂಢ ಬಹಳ ಹೊತ್ತು ರುಮಾಲಿನೊಳಗೆ ತುರಿಸಿಕೊಂಡ. ಕೊನೆಗೆ, ವೈನಿ ಹೇಳುವುದು ಯಾರ್ಡಿನ ಕಾಯಿದೆಯೇ, ಸಾಲಿನವರಿಗೆಲ್ಲ ನಾನೇ ಹೇಳುತ್ತೇನೆ ಎಂದು ಚಾಚಿದ್ದ ಕೈ ಹಿಂದಕ್ಕೆ ತಗೊಂಡ.

ಗೂಳಪ್ಪನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅದರ ಬೆನ್ನಿಗೇ ನಾಚಿಕೆಯೂ ಬಂತು. ಚೇರಮನ್ನರ ಮುಂದೆ, ಗ್ಯಾರೇಜಿನವರ ಮುಂದೆ, ತನ್ನ ಮನಸ್ಸಿನ ಮುಂದೆ ಕೂಡ ಅವನು ಅದನ್ನು ನನ್ನ ಕಾರು ಎಂದೇ ಹೇಳುತ್ತ ಬಂದಿದ್ದ. ಸ್ಟೇರಿಂಗಿನ ಹಿಂದೆ ಹೋಗಿ ಕೂತ. ಮತ್ತೆ ಕೀಲಿ ತಿರುಗಿಸಿದ, ಇಂಜಿನ್ನು ಒಂದೇ ಸಲಕ್ಕೆ ಎದ್ದಿತು. ಗೇರು ಹಾಕುವ ಮೊದಲು ಹಿಂದಕ್ಕೆ ತಿರುಗಿ ನೋಡಿದ.

“ಎಲ್ಲಿಗೆ ಹೋಗೋಣು?” ಎಂದ.

ಕಾಶವ್ವ ಪಕ್ಕದ ಕಿಟಕಿ ಇಳಿಸಿದಳು. “ಈ ಸಲ ನನ್ನ ಕೇಳಿದ್ರಲ್ಲ, ಚಲೋ ಆತು,” ಎಂದು ಸೆರಗು ಸರಿಮಾಡಿಕೊಂಡು ಕೂತಳು.